ನೋಡ್‌ಗಳನ್ನು ಹೊರಗೆ ಬಿಡದೆ ಲಿಂಕ್ಡ್ ಲಿಸ್ಟ್ ಅನ್ನು ಕೊನೆಯಿಂದ ಮೊದಲಿಗೆ ಓದುವುದು ಹೇಗೆ?

ಮುಂಗೊಂಡಿ

ಎಲ್ಲರಿಗೂ ನಮಸ್ಕಾರ. ಜಾವಾ ಕಲಿಯುತ್ತಿದ್ದೇನೆ. ಸಿದ್ಧ ಕ್ಲಾಸ್‌ಗಳನ್ನು ಮುಟ್ಟದೆ ಲಿಂಕ್ಡ್ ಲಿಸ್ಟ್ ಅನ್ನು ಸ್ವಂತವಾಗಿ ಬರೆಯಬೇಕೆಂದು ಹಟ ಹಿಡಿದು ಕುಳಿತು ನಾಲ್ಕು ದಿನವಾಯಿತು.

ನನ್ನ ಬಳಿ ಪಟ್ಟಿ ಎಂಬ ಕ್ಲಾಸ್ ಇದೆ. ಅದರೊಳಗೆ ಪ್ರೈವೇಟ್ ಆಗಿ ನೋಡ್ ಎಂಬ ಕ್ಲಾಸ್. ನೋಡ್‌ನಲ್ಲಿ ಇರುವುದು ಎರಡೇ: ಮೌಲ್ಯ, ಮತ್ತು ಮುಂದಿನ ನೋಡ್ ಅನ್ನು ತೋರಿಸುವ ‘ಮುಂದೆ’ ಎಂಬ ಕೊಂಡಿ (ಕೊನೆಯ ನೋಡ್‌ನಲ್ಲಿ ಅದು ನಲ್, ಅಂದರೆ ಖಾಲಿ). ಪಟ್ಟಿಗೆ ಗೊತ್ತಿರುವುದು ತಲೆ, ಅಂದರೆ ಮೊದಲ ನೋಡ್, ಮಾತ್ರ. ಪ್ರೋಗ್ರಾಂನಲ್ಲಿ ನಡೆಯುವ ಒಂದೊಂದು ಘಟನೆಯನ್ನೂ ಪಟ್ಟಿಯ ಕೊನೆಗೆ ಸೇರಿಸುತ್ತೇನೆ. ಹಳೆಯದರಿಂದ ಹೊಸದರವರೆಗೆ ತೋರಿಸುವುದು ಕಷ್ಟವಾಗಲಿಲ್ಲ. ಈಗ ತೀರಾ ಇತ್ತೀಚಿನದು ಮೊದಲು ಬರಬೇಕು. ಅಲ್ಲಿಗೆ ನಿಂತುಬಿಟ್ಟಿದ್ದೇನೆ.

ರಿಕರ್ಷನ್‌ನಿಂದ, ಅಂದರೆ ಮೆಥಡ್ ತನ್ನನ್ನೇ ಮತ್ತೆ ಕರೆಯುವಂತೆ, ಹೀಗೆ ಮಾಡಿದೆ (ಓದಲು ಅನುಕೂಲವಾಗಲೆಂದು ಹೆಸರುಗಳನ್ನು ಕನ್ನಡದಲ್ಲಿ ಬರೆದಿದ್ದೇನೆ):

ಹಿಂದಿನಿಂದ(ಈಗಿನ):
– ಈಗಿನ ನಲ್ ಆಗಿದ್ದರೆ ಮರಳು
– ಹಿಂದಿನಿಂದ(ಈಗಿನ.ಮುಂದೆ)
– ಮುದ್ರಿಸು(ಈಗಿನ.ಮೌಲ್ಯ)

ನಾಲ್ಕು ಘಟನೆಗಳಿದ್ದಾಗ ಸರಿಯಾಗಿ ಬಂತು. ಒಂದು ಲಕ್ಷ ತುಂಬಿಸಿ ನೋಡಿದೆ, ಸ್ಟ್ಯಾಕ್ ಓವರ್‌ಫ್ಲೋ ಎಂದು ಬಿದ್ದುಹೋಯಿತು. ಇನ್ನೊಂದು ತೊಡಕು: ಈ ಮೆಥಡ್‌ಗೆ ನೋಡ್ ಕೊಡಬೇಕಲ್ಲ, ಅದಕ್ಕೆ ನೋಡ್ ಕ್ಲಾಸ್ ಅನ್ನೇ ಪಬ್ಲಿಕ್ ಮಾಡಿ, ಪಟ್ಟಿಗೆ ‘ತಲೆಯನ್ನು ಕೊಡು’ ಎಂಬ ಮೆಥಡ್ ಸೇರಿಸಿದೆ. ಅದನ್ನು ಓದಿದ ಗೆಳತಿಯೊಬ್ಬಳು ‘ಇಷ್ಟು ಮಾಡಿದ ಮೇಲೆ ಕ್ಲಾಸ್ ಬರೆದು ಏನು ಪ್ರಯೋಜನ’ ಎಂದಳು. ಆ ಮಾತು ತಲೆಯಿಂದ ಹೋಗುತ್ತಿಲ್ಲ. ದಾರಿ ತೋರಿಸಿ.

ಸೊನ್ನೆಯಿಂದೆಣಿಕೆ

ಹಿಂದಿನ ನೋಡ್ ಅನ್ನು ತೋರಿಸುವ ಪ್ರೀವ್ ಎಂಬ ಇನ್ನೊಂದು ರೆಫರೆನ್ಸ್ (ಕೊಂಡಿ) ಸೇರಿಸಿ ಡಬಲಿ ಲಿಂಕ್ಡ್ ಮಾಡಿಬಿಡಿ. ಮುಗಿಯಿತು.

ಅರೆವಿರಾಮ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಅವರು ಕೇಳಿದ್ದು ಇರುವ ಪಟ್ಟಿಯನ್ನು ಹಿಂದಿನಿಂದ ಓದುವುದು ಹೇಗೆಂದು. ಎಷ್ಟೋ ಕಡೆ ನೋಡ್‌ನ ರಚನೆ ನಮ್ಮ ಕೈಯಲ್ಲಿರುವುದಿಲ್ಲ, ಬೇರೆಯವರು ಬರೆದದ್ದಾಗಿರುತ್ತದೆ. ಆಗ ಏನು ಮಾಡುತ್ತೀರಿ?

ಮುಂಗೊಂಡಿ ಅವರೇ, ಕೊನೆಗೆ ಹಾಕಿದ್ದು ಮೊದಲು ಹೊರಬರುವ ರಾಶಿಯಾದ ಸ್ಟ್ಯಾಕ್ ಬಳಸಿ. ತಲೆಯಿಂದ ನಡೆಯುತ್ತಾ ಪ್ರತಿ ನೋಡ್ ಅನ್ನೂ ಸ್ಟ್ಯಾಕ್‌ಗೆ ಹಾಕಿ, ಕೊನೆ ಮುಟ್ಟಿದ ಮೇಲೆ ಒಂದೊಂದಾಗಿ ತೆಗೆಯಿರಿ. ರಿಕರ್ಷನ್ ಒಳಗೊಳಗೆ ಮಾಡುವುದೂ ಇದನ್ನೇ. ವ್ಯತ್ಯಾಸ ಜಾಗದ್ದು. ರಿಕರ್ಷನ್‌ನಲ್ಲಿ ಪ್ರತಿ ಕರೆಗೂ ಥ್ರೆಡ್‌ನ (ಪ್ರೋಗ್ರಾಂನ ಒಂದು ಓಟದ) ಕಾಲ್ ಸ್ಟ್ಯಾಕ್‌ನಲ್ಲಿ ಒಂದು ಫ್ರೇಮ್ ಬೇಕು, ಮತ್ತು ಆ ಸ್ಟ್ಯಾಕ್ ಚಿಕ್ಕದು. 64 ಬಿಟ್ ಲಿನಕ್ಸ್‌ನಲ್ಲಿ ಜಾವಾ ಥ್ರೆಡ್‌ಗೆ ಸಾಮಾನ್ಯವಾಗಿ ಸಿಗುವುದು 1 ಎಂಬಿ. ನೀವೇ ಮಾಡಿದ ಸ್ಟ್ಯಾಕ್ ಹೀಪ್ ಎಂಬ ದೊಡ್ಡ ಮೆಮೊರಿ ಜಾಗದಲ್ಲಿರುತ್ತದೆ, ಒಂದು ಲಕ್ಷ ರೆಫರೆನ್ಸ್ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಹೊಸಬ27

ಪೈಥಾನ್‌ನಲ್ಲಿ ಲಕ್ಷದವರೆಗೆ ಹೋಗುವುದೇ ಬೇಡ. ರಿಕರ್ಷನ್ ಮಿತಿ ಮೊದಲೇ 1000ಕ್ಕೆ ನಿಗದಿಯಾಗಿರುತ್ತದೆ. ನನ್ನ ಪ್ರೋಗ್ರಾಂ ಸಾವಿರದ ಹತ್ತಿರ ಹೋಗಿ ನಿಂತಾಗ ತಪ್ಪು ಎಲ್ಲಿದೆ ಎಂದು ಇಡೀ ರಾತ್ರಿ ಹುಡುಕಿದ್ದೇನೆ.

ಹಳೆಯಕೋಡು

ಸ್ಟ್ಯಾಕ್ ಕೂಡ ಬೇಡ. ಪಟ್ಟಿಯನ್ನೇ ತಿರುಗಿಸಿ, ಓದಿ, ಮತ್ತೆ ತಿರುಗಿಸಿ ಇಟ್ಟುಬಿಡಿ. ಹೆಚ್ಚಿನ ಜಾಗ ಬೇಕಾಗುವುದು ಮೂರು ವೇರಿಯಬಲ್‌ಗೆ ಮಾತ್ರ.

ಹಿಂದಿನ = ನಲ್
ಈಗಿನ = ತಲೆ
ಈಗಿನ ನಲ್ ಆಗುವವರೆಗೆ:
– ಈಗಿನ.ಮುಂದೆ = ಹಿಂದಿನ
– ಮುಂದಿನ = ಈಗಿನ.ಮುಂದೆ
– ಹಿಂದಿನ = ಈಗಿನ
– ಈಗಿನ = ಮುಂದಿನ
ತಲೆ = ಹಿಂದಿನ

ಪಾಠದಮೇಜು

ಹಳೆಯಕೋಡು ಅವರೇ, ಲೂಪ್‌ನ ಮೊದಲ ಎರಡು ಸಾಲು ಅದಲುಬದಲಾಗಿವೆ. ಯಾರೂ ನಕಲು ಮಾಡಿಕೊಳ್ಳುವ ಮೊದಲು ಸರಿಪಡಿಸಿ.

10, 20, 30, 40 ಎಂಬ ಪಟ್ಟಿಯನ್ನೇ ತೆಗೆದುಕೊಳ್ಳಿ. ಈಗಿನ ಎಂದರೆ 10, ಹಿಂದಿನ ಎಂದರೆ ನಲ್. ಮೊದಲ ಸಾಲಿನಲ್ಲಿಯೇ 10ರ ‘ಮುಂದೆ’ಗೆ ನಲ್ ಬರೆದಿರಿ. ಎರಡನೆಯ ಸಾಲು ಅದೇ ನಲ್ ಅನ್ನು ಓದಿ ‘ಮುಂದಿನ’ಕ್ಕೆ ಹಾಕುತ್ತದೆ. ಒಂದೇ ಸುತ್ತಿಗೆ ಲೂಪ್ ಮುಗಿಯಿತು. ತಲೆ 10ರಲ್ಲೇ ಉಳಿಯಿತು, 20ಕ್ಕೆ ಹೋಗುವ ಕೊಂಡಿ ಯಾರ ಕೈಯಲ್ಲೂ ಇಲ್ಲ. ಮೂರು ನೋಡ್‌ಗಳು, ಯಾರೂ ಹಿಡಿದಿರದ ಮೆಮೊರಿಯನ್ನು ಮರಳಿ ಪಡೆಯುವ ಗಾರ್ಬೇಜ್ ಕಲೆಕ್ಟರ್ ಪಾಲಾದವು. ಎರರ್ ಕೂಡ ಬರುವುದಿಲ್ಲ, ಅದೇ ಭಯ ಹುಟ್ಟಿಸುವ ಸಂಗತಿ.

ಕೊಂಡಿ ಕತ್ತರಿಸುವ ಮೊದಲು ಮುಂದಿನದನ್ನು ಕೈಯಲ್ಲಿ ಹಿಡಿದಿರಬೇಕು. ‘ಮುಂದಿನ = ಈಗಿನ.ಮುಂದೆ’ ಎಂಬುದು ಮೊದಲು ಬರಲಿ.

ಹಳೆಯಕೋಡು

ನೀವು ಹೇಳಿದ್ದು ಸರಿ. ಪರೀಕ್ಷಿಸದೆ ಹಾಕಿದ್ದು ನನ್ನ ತಪ್ಪು, ಕ್ಷಮಿಸಿ. ಆದರೆ ವಿಧಾನ ಸರಿಯಾಗಿದೆ ಎಂಬ ಮಾತಿಗೆ ಈಗಲೂ ಬದ್ಧನಾಗಿದ್ದೇನೆ. 1967ರಲ್ಲಿ ಪ್ರಕಟವಾದ ಷೋರ್–ವೇಯ್ಟ್ ಅಲ್ಗಾರಿದಮ್ ಇದೇ ಉಪಾಯವನ್ನು ನಂಬಿದೆ. ಗಾರ್ಬೇಜ್ ಕಲೆಕ್ಟರ್ ಓಡುವುದೇ ಮೆಮೊರಿ ಮುಗಿದಾಗ. ಆಗ ಸ್ಟ್ಯಾಕ್‌ಗೆ ಜಾಗ ಕೇಳಿದರೆ ಎಲ್ಲಿಂದ ತರುವುದು? ಹಾಗಾಗಿ ಕೆಳಗಿಳಿಯುವಾಗ ಪಾಯಿಂಟರ್‌ಗಳನ್ನು ತಿರುಗಿಸುತ್ತಾ ಹೋಗಿ, ಬರುವಾಗ ಮೊದಲಿನಂತೆ ಇಡುತ್ತಾ ಬರುತ್ತದೆ.

ತಂತು

ಅಲ್ಲಿ ಸರಿ. ಇಲ್ಲಿ ನಾನು ಒಪ್ಪುವುದಿಲ್ಲ.

ಓದುವುದು ಎಂದರೆ ಓದುವುದೇ ಆಗಿರಬೇಕು. ‘ತೋರಿಸು’ ಎಂಬ ಮೆಥಡ್ ಒಳಗೊಳಗೆ ಪಟ್ಟಿಯನ್ನು ತಲೆಕೆಳಗು ಮಾಡುತ್ತಿದೆ ಎಂದು ಕರೆಯುವವರಿಗೆ ಹೇಗೆ ಗೊತ್ತಾಗಬೇಕು? ಪಟ್ಟಿ ತಿರುಗಿದ ಸ್ಥಿತಿಯಲ್ಲಿರುವಾಗ ಇನ್ನೊಂದು ಥ್ರೆಡ್ ಬಂದು ಕೊನೆಗೆ ಸೇರಿಸಿದರೆ ಅದು ಮೊದಲಿಗೆ ಸೇರುತ್ತದೆ. ಥ್ರೆಡ್ ಒಂದೇ ಇದೆ ಎನ್ನಿ. ಮುದ್ರಿಸುವ ಹೊತ್ತಿಗೆ ಮಧ್ಯದಲ್ಲಿ ಎಕ್ಸೆಪ್ಶನ್ ಬಿದ್ದರೆ? ಎರಡನೆಯ ತಿರುಗಿಸುವಿಕೆ ನಡೆಯುವುದೇ ಇಲ್ಲ, ಪಟ್ಟಿ ಅಲ್ಲಿಂದ ಮುಂದೆ ಶಾಶ್ವತವಾಗಿ ಉಲ್ಟಾ. ಫೈನಲಿ ಬ್ಲಾಕ್ ಹಾಕಿ ತಪ್ಪಿಸಬಹುದು, ಆದರೆ ಇಷ್ಟೆಲ್ಲ ಕಾವಲು ಬೇಕಾಗುವ ವಿಧಾನವನ್ನು ಕಲಿಯುವವರಿಗೆ ಮೊದಲ ಉತ್ತರವಾಗಿ ಕೊಡಬಾರದು.

ಅರೆವಿರಾಮ

ತಂತು ಅವರ ಮಾತಿಗೆ ನನ್ನದೂ ಒಂದು ಅನುಭವ. ನಾನು ಮೊದಲು ಕೆಲಸ ಮಾಡಿದ ಕಡೆ ಇಂಥದ್ದೇ ಒಂದು ಮೆಥಡ್ ಇತ್ತು, ಹೆಸರು ‘ಕೊನೆಯದನ್ನು ಕೊಡು’. ಒಂದು ಸಲ ಕರೆದರೆ ಸರಿಯಾದ ಉತ್ತರ, ಎರಡನೆಯ ಸಲ ಕರೆದರೆ ಮೊದಲಿನದು. ಬರೆದವರು ತಿರುಗಿಸಿದ್ದರು, ಮರಳಿ ತಿರುಗಿಸಲು ಮರೆತಿದ್ದರು. ಪರೀಕ್ಷೆಯಲ್ಲಿ ಒಂದೇ ಸಲ ಕರೆದಿದ್ದರಿಂದ ಎಲ್ಲವೂ ಪಾಸಾಗಿತ್ತು.

ಮುಂಗೊಂಡಿ

ಧನ್ಯವಾದಗಳು, ಇಷ್ಟು ಬೇಗ ಇಷ್ಟು ಉತ್ತರ ನಿರೀಕ್ಷಿಸಿರಲಿಲ್ಲ. ಒಂದು ಸಂದೇಹ. ಪಟ್ಟಿಗೆ ತಲೆಯ ಜೊತೆ ಬಾಲವನ್ನೂ ಇಟ್ಟುಕೊಂಡರೆ ಸಾಲದೇ? ಬಾಲದಿಂದ ಹೊರಟು ಹಿಂದೆ ಬರಬಹುದಲ್ಲ?

ಸೊನ್ನೆಯಿಂದೆಣಿಕೆ

ಬಾಲ ಸಿಕ್ಕಿದರೆ ಕೊನೆಯ ನೋಡ್ ಸಿಕ್ಕಿತು, ಅಷ್ಟೇ. ಅದರ ‘ಮುಂದೆ’ ನಲ್. ಹಿಂದಿನವರು ಯಾರೆಂದು ಅದಕ್ಕೆ ಗೊತ್ತೇ ಇಲ್ಲ. ಬಂದ ದಾರಿಗೆ ಸುಂಕವಿಲ್ಲ ಎಂದು ತಲೆಗೇ ಮರಳಬೇಕು.

ಪಾಠದಮೇಜು

ಆದರೂ ಬಾಲವನ್ನು ಇಟ್ಟುಕೊಳ್ಳಿ, ಬೇರೆ ಕಾರಣಕ್ಕೆ. ಈಗ ಪ್ರತಿ ಘಟನೆಯನ್ನು ಸೇರಿಸಲು ತಲೆಯಿಂದ ಕೊನೆಯವರೆಗೆ ನಡೆಯುತ್ತಿದ್ದೀರಿ, ಹೌದೇ? ಹಾಗಿದ್ದರೆ ಒಂದು ಲಕ್ಷ ಘಟನೆ ಸೇರಿಸುವಷ್ಟರಲ್ಲಿ ಹತ್ತಿರ ಹತ್ತಿರ 500 ಕೋಟಿ ಹೆಜ್ಜೆ. ಬಾಲವಿದ್ದರೆ ಸೇರಿಸುವುದು ಒಂದೇ ಹೆಜ್ಜೆ.

ನಾನು ಡೇಟಾ ಸ್ಟ್ರಕ್ಚರ್ ಪಾಠ ಮಾಡುತ್ತೇನೆ. ಹಿಂದಕ್ಕೆ ಹೋಗುವ ಪ್ರಶ್ನೆ ಬಂದಾಗಲೆಲ್ಲ ವಿದ್ಯಾರ್ಥಿಗಳು ಯಾವುದೋ ಒಂದು ಮಂತ್ರವಿದೆ ಎಂದು ಕಾಯುತ್ತಾರೆ. ಮಂತ್ರವಿಲ್ಲ. ಬಂದ ದಾರಿಯನ್ನು ಯಾರಾದರೊಬ್ಬರು ನೆನಪಿಟ್ಟುಕೊಳ್ಳಲೇಬೇಕು. ರಿಕರ್ಷನ್ ಮಾಡಿದರೆ ಕಾಲ್ ಸ್ಟ್ಯಾಕ್ ನೆನಪಿಡುತ್ತದೆ. ಸ್ಟ್ಯಾಕ್ ಬಳಸಿದರೆ ನೀವು ಮಾಡಿದ ಆಬ್ಜೆಕ್ಟ್. ಡಬಲಿ ಲಿಂಕ್ಡ್ ಆದರೆ ಪ್ರತಿ ನೋಡ್ ತನ್ನ ಪಾಲಿನದನ್ನು. ತಿರುಗಿಸಿದರೆ ಅದೇ ಕೊಂಡಿಗಳು, ಆದರೆ ಮುಂದಿನ ದಾರಿಯನ್ನು ಅಷ್ಟು ಹೊತ್ತು ಬಿಟ್ಟುಕೊಟ್ಟು. ಯಾರೂ ನೆನಪಿಡದಿದ್ದರೆ ಪ್ರತಿ ಸಲ ತಲೆಯಿಂದ ಎಣಿಸಿಕೊಂಡು ಬರಬೇಕು, ಅಂದರೆ ಮತ್ತೆ ಅದೇ 500 ಕೋಟಿ.

ನಿಮ್ಮ ಗೆಳತಿ ಎತ್ತಿದ ಮಾತು ಇಲ್ಲಿಯೇ ಬಂದು ಕೂಡುತ್ತದೆ. ಈ ನೆನಪಿನ ಕೆಲಸ ಪಟ್ಟಿಯದು, ಪಟ್ಟಿಯನ್ನು ಬಳಸುವವರದ್ದಲ್ಲ. ತಲೆಯನ್ನು ಹೊರಗೆ ಕೊಟ್ಟಿರೆಂದರೆ ಯಾರು ಬೇಕಾದರೂ ‘ತಲೆ.ಮುಂದೆ = ನಲ್’ ಎಂದು ಬರೆದು ಇಡೀ ಪಟ್ಟಿಯನ್ನು ಕಳೆಯಬಹುದು. ಲೆಕ್ಕ ಕೇಳಿದವರಿಗೆ ತಿಜೋರಿಯ ಕೀಲಿಯನ್ನೇ ಕೊಟ್ಟ ಹಾಗೆ. ಸುಲಭವಾದ ಪರಿಹಾರ: ರಿಕರ್ಷನ್ ಮೆಥಡ್ ಪ್ರೈವೇಟ್ ಆಗಿ ಪಟ್ಟಿಯೊಳಗೇ ಇರಲಿ. ಹೊರಗೆ ಕಾಣುವುದು ‘ಹಿಂದಿನಿಂದ ತೋರಿಸು’ ಎಂಬ, ಏನನ್ನೂ ಕೇಳದ ಮೆಥಡ್ ಮಾತ್ರ. ಅದು ಒಳಗಿನದನ್ನು ತಲೆಯೊಂದಿಗೆ ಕರೆಯಲಿ.

ತಂತು

‘ತೋರಿಸು’ ಬೇಡ. ಪಟ್ಟಿಗೆ ಮುದ್ರಿಸುವ ಕೆಲಸ ಏಕೆ? ಇಂದು ಪರದೆ, ನಾಳೆ ಫೈಲ್, ನಾಡಿದ್ದು ಜಾಲದ ಆಚೆ ಬದಿ. ‘ಹಿಂದಿನಿಂದ ಪ್ರತಿಯೊಂದಕ್ಕೂ ಮಾಡು(ಕೆಲಸ)’ ಎಂದಿರಲಿ. ಕೆಲಸ ಏನೆಂಬುದನ್ನು ಕರೆಯುವವರು ಲ್ಯಾಂಬ್ಡಾ (ಹೆಸರಿಲ್ಲದ ಚಿಕ್ಕ ಫಂಕ್ಷನ್) ಆಗಿ ಕೊಡಲಿ. ದಾರಿ ಪಟ್ಟಿಯದು, ಕೆಲಸ ಅವರದು.

ಹಳೆಯಕೋಡು

ಹಾಗೆ ಮಾಡಿದರೆ ಮಧ್ಯದಲ್ಲಿ ನಿಲ್ಲಿಸುವುದು ಹೇಗೆ? ಹತ್ತೊಂಬತ್ತನೆಯದರಲ್ಲಿ ಬೇಕಾದದ್ದು ಸಿಕ್ಕಿತು ಎನ್ನಿ. ಉಳಿದ ಲಕ್ಷಕ್ಕೂ ಲ್ಯಾಂಬ್ಡಾ ಓಡುತ್ತಲೇ ಇರುತ್ತದೆ. ಕೇಳಿದಾಗ ಒಂದೊಂದಾಗಿ ಅಂಶ ಕೊಡುವ ಇಟರೇಟರ್ ಕೊಡಿ. ‘ಹಿಂದೆ ಇದೆಯೇ’, ‘ಹಿಂದಿನದನ್ನು ಕೊಡು’ ಎಂಬ ಎರಡು ಮೆಥಡ್ ಸಾಕು. ಬೇಕಾದಷ್ಟು ಕೇಳಿ, ಸಾಕೆನಿಸಿದಾಗ ಬಿಟ್ಟು ಹೋಗಬಹುದು. ಇಟರೇಟರ್ ಮಾದರಿ 1994ರ ಡಿಸೈನ್ ಪ್ಯಾಟರ್ನ್ಸ್ ಪುಸ್ತಕದಲ್ಲಿಯೇ ಇದೆ, ಹೊಸ ವಿಚಾರವೇನೂ ಅಲ್ಲ.

ತಂತು

ಲ್ಯಾಂಬ್ಡಾ ಹೌದು ಅಥವಾ ಇಲ್ಲ ಎಂದು ಮರಳಿಸಲಿ, ಇಲ್ಲ ಎಂದರೆ ನಿಲ್ಲಿಸಿದರಾಯಿತು. ಆದರೆ ಎರಡು ಪಟ್ಟಿಗಳನ್ನು ಜೊತೆಜೊತೆಯಾಗಿ ಹಿಂದಿನಿಂದ ಹೋಲಿಸಬೇಕಾದರೆ ಇಟರೇಟರ್ ಬೇಕೇ ಬೇಕು, ಅದನ್ನು ಒಪ್ಪುತ್ತೇನೆ.

ಹೊಸಬ27

ಜಾವಾದಲ್ಲಿ ಆಗಲೇ ಇರುವ ಲಿಂಕ್ಡ್‌ಲಿಸ್ಟ್ ಇದನ್ನೆಲ್ಲ ಮಾಡುವುದಿಲ್ಲವೇ?

ಸೊನ್ನೆಯಿಂದೆಣಿಕೆ

ಮಾಡುತ್ತದೆ. ಅದು ಮೊದಲಿನಿಂದಲೂ ಡಬಲಿ ಲಿಂಕ್ಡ್. ಮೂರು ದಾರಿಗಳಿವೆ: ಲಿಸ್ಟ್‌ಇಟರೇಟರ್, ಜಾವಾ 6ರಲ್ಲಿ ಬಂದ ಡಿಸೆಂಡಿಂಗ್‌ಇಟರೇಟರ್, 2023ರ ಜಾವಾ 21ರಲ್ಲಿ ಬಂದ ರಿವರ್ಸ್ಡ್. ಕೊನೆಯದು ಪಟ್ಟಿಯನ್ನು ತಿರುಗಿಸುವುದೂ ಇಲ್ಲ, ನಕಲು ಮಾಡುವುದೂ ಇಲ್ಲ. ಅದೇ ಪಟ್ಟಿಯನ್ನು ಆಚೆ ತುದಿಯಿಂದ ನೋಡುವ ಒಂದು ನೋಟ ಕೊಡುತ್ತದೆ, ಅಷ್ಟೇ.

ಲಿಸ್ಟ್‌ಇಟರೇಟರ್ ಬಳಸುವವರು ಒಂದು ಕಡೆ ಖಂಡಿತ ಎಡವುತ್ತಾರೆ. ಏನನ್ನೂ ಕೊಡದೆ ಕರೆದರೆ ಅದು ಮೊದಲ ಅಂಶದ ಮುಂಚೆ ನಿಲ್ಲುತ್ತದೆ. ‘ಹಿಂದೆ ಇದೆಯೇ’ ಎಂದರೆ ಇಲ್ಲ ಎನ್ನುತ್ತದೆ, ಲೂಪ್ ಒಂದು ಸುತ್ತೂ ಓಡುವುದಿಲ್ಲ, ಪರದೆ ಖಾಲಿ. ಪಟ್ಟಿಯ ಗಾತ್ರವನ್ನು ಕೊಟ್ಟು ಕರೆಯಬೇಕು, ಆಗ ಕೊನೆಯ ಅಂಶದ ಆಚೆ ನಿಲ್ಲುತ್ತದೆ.

ಪಾಠದಮೇಜು

ಇದಕ್ಕೆ ಚಿತ್ರ ಬರೆದು ತೋರಿಸಿದರೆ ತಕ್ಷಣ ಹೊಳೆಯುತ್ತದೆ. ಆ ಕರ್ಸರ್ ಅಂಶದ ಮೇಲೆ ಕುಳಿತಿರುವುದಿಲ್ಲ, ಎರಡು ಅಂಶಗಳ ನಡುವಿನ ಸಂದಿಯಲ್ಲಿ ನಿಂತಿರುತ್ತದೆ. ನಾಲ್ಕು ಅಂಶಗಳಿಗೆ ಐದು ಸಂದಿ. 20 ಮತ್ತು 30ರ ನಡುವೆ ನಿಂತು ನೆಕ್ಸ್ಟ್ ಎಂದರೆ 30 ಕೊಟ್ಟು ಅದರಾಚೆ ದಾಟುತ್ತದೆ. ಕೂಡಲೇ ಪ್ರೀವಿಯಸ್ ಎಂದರೆ ಮತ್ತೆ 30ನ್ನೇ ಕೊಟ್ಟು ಈಚೆ ಬರುತ್ತದೆ. ‘ಒಂದೇ ಅಂಶ ಎರಡು ಸಲ ಬರುತ್ತಿದೆ, ಜಾವಾದಲ್ಲಿ ದೋಷವಿದೆ’ ಎಂದು ಪ್ರತಿ ವರ್ಷ ಯಾರಾದರೂ ನನ್ನ ಬಳಿ ಬರುತ್ತಾರೆ.

ಅರೆವಿರಾಮ

ಸಿ ಪ್ಲಸ್ ಪ್ಲಸ್‌ನ ರಿವರ್ಸ್ ಇಟರೇಟರ್ ಕೂಡ ಹೀಗೆಯೇ. ಒಳಗೆ ಅದು ಹಿಡಿದಿರುವುದು ತೋರಿಸುವ ಅಂಶಕ್ಕಿಂತ ಒಂದು ಸ್ಥಾನ ಆಚೆಯದನ್ನು. ಬೇಸ್ ಎಂದು ಕರೆದು ಸಿಕ್ಕಿದ್ದನ್ನೇ ಅಳಿಸಿದರೆ ಪಕ್ಕದ ಅಂಶ ಹೋಗುತ್ತದೆ. ಅಂದಹಾಗೆ 2011ರ ಮಾನದಂಡದಲ್ಲಿ ಬಂದ ಫಾರ್ವರ್ಡ್ ಲಿಸ್ಟ್‌ಗೆ ರಿವರ್ಸ್ ಇಟರೇಟರ್ ಕೊಟ್ಟೇ ಇಲ್ಲ. ಒಂದೇ ದಿಕ್ಕಿನ ಪಟ್ಟಿ ಹಿಂದಕ್ಕೆ ನಡೆಯುತ್ತದೆ ಎಂಬ ಸುಳ್ಳು ಭರವಸೆ ಬೇಡವೆಂದು ಬಿಟ್ಟಿದ್ದಾರೆ. ಗಾತ್ರ ಹೇಳುವ ಮೆಥಡ್ ಕೂಡ ಇಲ್ಲ. ನನಗೆ ಆ ಪ್ರಾಮಾಣಿಕತೆ ಬಹಳ ಇಷ್ಟ.

ಬೈಟ್‌ಲೆಕ್ಕ

ಈ ಚರ್ಚೆಯಲ್ಲಿ ಒಬ್ಬರಾದರೂ ಕೇಳುತ್ತಾರೆಂದು ಕಾದೆ. ಲಿಂಕ್ಡ್ ಲಿಸ್ಟ್ ಏಕೆ ಬೇಕು? ಅರೇ ಬಳಸಿ. ಕೊನೆಯ ಇಂಡೆಕ್ಸ್‌ನಿಂದ ಸೊನ್ನೆಯವರೆಗೆ ಇಳಿಯಿರಿ. ನೋಡ್‌ಗಳು ಮೆಮೊರಿಯಲ್ಲಿ ಎಲ್ಲೆಲ್ಲೋ ಚದುರಿರುತ್ತವೆ, ಅರೇ ಒಂದೇ ಕಡೆ ಸಾಲಾಗಿ ಇರುತ್ತದೆ, ಪ್ರೊಸೆಸರ್‌ನ ವೇಗದ ಮೆಮೊರಿಯಾದ ಕ್ಯಾಶ್‌ಗೆ ಅದೇ ಪ್ರಿಯ. ಜಾವಾದ ಲಿಂಕ್ಡ್‌ಲಿಸ್ಟ್ ಬರೆದ ಜೋಶುವಾ ಬ್ಲಾಖ್ ಅವರೇ ತಾವು ಅದನ್ನು ಬಳಸುವುದಿಲ್ಲ ಎಂದು ಬಹಿರಂಗವಾಗಿ ಹೇಳಿದ್ದಾರೆ.

ಸೊನ್ನೆಯಿಂದೆಣಿಕೆ

ಅವರು ಕಲಿಯಲು ಬರೆಯುತ್ತಿದ್ದಾರೆ ಎಂದು ಮೊದಲ ಸಾಲಿನಲ್ಲಿಯೇ ಹೇಳಿದ್ದಾರಲ್ಲ.

ಬೈಟ್‌ಲೆಕ್ಕ

ಕಲಿಯುವಾಗಲೇ ಯಾವುದು ಎಲ್ಲಿಗೆ ಸಲ್ಲುತ್ತದೆ ಎಂದೂ ಕಲಿಯಬೇಕು. ಲಿಂಕ್ಡ್‌ಲಿಸ್ಟ್ ಅನ್ನು ಅರೇ ಎಂಬಂತೆ ಬಳಸಿ ಕೈ ಸುಟ್ಟುಕೊಂಡವರನ್ನು ಹತ್ತಿರದಿಂದ ಕಂಡಿದ್ದೇನೆ. ಒಂದು ತಂಡದಲ್ಲಿ ಲಾಗ್ ತೋರಿಸುವ ಪರದೆ ದಿನ ಕಳೆದಂತೆ ನಿಧಾನವಾಗುತ್ತಾ ಬಂತು. ಸರ್ವರ್ ಬದಲಿಸಿದರು, ಮೆಮೊರಿ ಹೆಚ್ಚಿಸಿದರು, ಏನೂ ಆಗಲಿಲ್ಲ. ಕೊನೆಗೆ ನೋಡಿದರೆ ಲಿಂಕ್ಡ್‌ಲಿಸ್ಟ್ ಮೇಲೆ ಇಂಡೆಕ್ಸ್ ಇಳಿಸುತ್ತಾ ಗೆಟ್ ಎಂದು ಕರೆಯುವ ಲೂಪ್. ಆ ಗೆಟ್ ಯಾವ ತುದಿ ಹತ್ತಿರವೋ ಅಲ್ಲಿಂದ ಹೊರಡುತ್ತದೆ, ಆದ್ದರಿಂದ ಒಂದು ಲಕ್ಷಕ್ಕೆ 500 ಅಲ್ಲ, 250 ಕೋಟಿ ಹೆಜ್ಜೆ. ಆದರೂ 250 ಕೋಟಿ! ಒಂದು ಸಾಲು ಬದಲಿಸಿ ಡಿಸೆಂಡಿಂಗ್‌ಇಟರೇಟರ್ ಹಾಕಿದೆವು, ಪರದೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ತುಂಬಿತು.

ಕರ್ನಲ್‌ಓದುಗ

‘ಲಿಂಕ್ಡ್ ಲಿಸ್ಟ್ ಏಕೆ’ ಎನ್ನುವವರು ಒಮ್ಮೆ ಲಿನಕ್ಸ್ ಕರ್ನಲ್ ತೆರೆದು ನೋಡಲಿ. ಎಲ್ಲೆಲ್ಲೂ ಅದೇ. ವೃತ್ತಾಕಾರದ ಡಬಲಿ ಲಿಂಕ್ಡ್ ಲಿಸ್ಟ್, ಹಿಂದಿನಿಂದ ಓದಲು ಪ್ರತ್ಯೇಕ ಮ್ಯಾಕ್ರೋ ಕೂಡ ಇದೆ. ಮಧ್ಯದಲ್ಲಿರುವ ಒಂದು ಅಂಶವನ್ನು, ಅದರ ವಿಳಾಸ ಮಾತ್ರ ಗೊತ್ತಿರುವಾಗ, ಯಾವುದನ್ನೂ ಹುಡುಕದೆ ಕಿತ್ತು ಬೇರೆ ಪಟ್ಟಿಗೆ ಸೇರಿಸಬೇಕು. ಅರೇ ಅಲ್ಲಿ ಏನು ಮಾಡಲು ಸಾಧ್ಯ?

ಬೈಟ್‌ಲೆಕ್ಕ

ಕರ್ನಲ್‌ಗೆ ಒಪ್ಪಿದೆ. ಘಟನೆಗಳ ದಾಖಲೆಗೆ ಒಪ್ಪಿಲ್ಲ.

ಹೊಸಬ27

ಲಿಂಕ್ಡ್ ಲಿಸ್ಟ್ ಅನ್ನು ಮೊದಲು ಯಾರು ಕಂಡುಹಿಡಿದರು? ಸುಮ್ಮನೆ ಕುತೂಹಲ.

ಪಾಠದಮೇಜು

1955–56ರ ಸುಮಾರಿಗೆ ರ‍್ಯಾಂಡ್ ಸಂಸ್ಥೆಯ ಕೆಲಸದಲ್ಲಿ ಅಲೆನ್ ನ್ಯೂವೆಲ್, ಕ್ಲಿಫ್ ಷಾ ಮತ್ತು ಹರ್ಬರ್ಟ್ ಸೈಮನ್. ತರ್ಕಶಾಸ್ತ್ರದ ಪ್ರಮೇಯಗಳನ್ನು ಸಾಧಿಸುವ ಲಾಜಿಕ್ ಥಿಯರಿಸ್ಟ್ ಎಂಬ ಪ್ರೋಗ್ರಾಂಗಾಗಿ ಐಪಿಎಲ್ ಎಂಬ ಭಾಷೆ ಮಾಡಿದರು, ಅದರ ಮೂಲ ಸಾಮಗ್ರಿಯೇ ಪಟ್ಟಿ. ಆಮೇಲೆ ಮೆಕಾರ್ಥಿಯವರ ಲಿಸ್ಪ್ ಬಂತು. ಲಿಸ್ಪ್ ಪಟ್ಟಿಗೂ ಹಿಂದಕ್ಕೆ ಹೋಗುವ ಕೊಂಡಿ ಇಲ್ಲ. ಹಾಗಾಗಿ ಈ ಪ್ರಶ್ನೆಯ ವಯಸ್ಸು ನಮ್ಮಲ್ಲಿ ಅನೇಕರಿಗಿಂತ ಹೆಚ್ಚು.

ಮುಂಗೊಂಡಿ

ಪರದೆಯಲ್ಲಿ ಕೊನೆಯ ಇಪ್ಪತ್ತು ಘಟನೆ ಮಾತ್ರ ತೋರಿಸಿದರೂ ನನಗೆ ಸಾಕು. ಉಳಿದದ್ದು ಕೇಳಿದಾಗ ಮಾತ್ರ. ಇದರಿಂದ ಏನಾದರೂ ಸುಲಭವಾಗುತ್ತದೆಯೇ?

ಅರೆವಿರಾಮ

ಇದನ್ನು ಮೊದಲೇ ಹೇಳಬೇಕಿತ್ತು! ಇಪ್ಪತ್ತು ಜಾಗದ ಅರೇ ಇಟ್ಟುಕೊಳ್ಳಿ. ತಲೆಯಿಂದ ನಡೆಯುತ್ತಾ ಪ್ರತಿ ಮೌಲ್ಯವನ್ನೂ ಅದರಲ್ಲಿ ಬರೆಯಿರಿ, ಇಪ್ಪತ್ತು ತುಂಬಿದ ಮೇಲೆ ಮತ್ತೆ ಮೊದಲ ಜಾಗದಿಂದ ಹಳೆಯದರ ಮೇಲೆಯೇ ಬರೆಯಿರಿ. ಪಟ್ಟಿ ಮುಗಿದಾಗ ಅರೇಯಲ್ಲಿ ಉಳಿದಿರುವುದು ಕೊನೆಯ ಇಪ್ಪತ್ತೇ. ಕೊನೆಗೆ ಬರೆದ ಜಾಗದಿಂದ ಹಿಮ್ಮುಖವಾಗಿ ಸುತ್ತಿ ಬಂದರೆ ಮುಗಿಯಿತು. ನೋಡ್ ಬದಲಾಗಲಿಲ್ಲ, ಸ್ಟ್ಯಾಕ್ ಬೆಳೆಯಲಿಲ್ಲ.

ಹೊಸಬ27

ಹೊಸ ಘಟನೆಯನ್ನು ಕೊನೆಗೆ ಹಾಕುವ ಬದಲು ತಲೆಗೇ ಹಾಕಿದರೆ? ಆಗ ಮುಂದಕ್ಕೆ ಓದಿದರೂ ಹೊಸದೇ ಮೊದಲು ಬರುತ್ತದೆ.

ಪಾಠದಮೇಜು

ಹೊಸಬ ಅವರೇ, ಇಡೀ ಚರ್ಚೆಯಲ್ಲಿ ಇಷ್ಟು ಸರಳವಾದದ್ದನ್ನು ನಾವು ಯಾರೂ ಹೇಳಿರಲಿಲ್ಲ. ಹೊಸದು ಮೊದಲು ಎಂಬುದೊಂದೇ ಬೇಕಾಗಿದ್ದರೆ ನಿಮ್ಮ ಉತ್ತರಕ್ಕಿಂತ ಒಳ್ಳೆಯದು ಇಲ್ಲ.

ಮುಂಗೊಂಡಿ

ನನಗೂ ಓದಿ ಖುಷಿಯಾಯಿತು. ಆದರೆ ಹಳೆಯದರಿಂದ ಹೊಸದಕ್ಕೂ ತೋರಿಸಬೇಕು, ಅದು ಮೊದಲೇ ಇದೆ. ಎರಡೂ ದಿಕ್ಕು ಬೇಕು.

ತಂತು

ನೋಡ್ ಮುಟ್ಟದೆ, ಪಟ್ಟಿ ತಿರುಗಿಸದೆ, ಲಕ್ಷ ರೆಫರೆನ್ಸ್‌ನ ಸ್ಟ್ಯಾಕ್ ಕೂಡ ಇಲ್ಲದೆ ಒಂದು ದಾರಿ ಇದೆ. ನನಗೆ ಬಹಳ ಇಷ್ಟವಾದದ್ದು, ಅದಕ್ಕೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಪಟ್ಟಿಯನ್ನು ಎರಡು ಅರ್ಧ ಮಾಡಿ. ತಲೆಯಿಂದ ಅರ್ಧದವರೆಗೆ ನಡೆದು ಆ ನೋಡ್ ಅನ್ನು ಹಿಡಿದುಕೊಳ್ಳಿ. ಮೊದಲು ಎರಡನೆಯ ಅರ್ಧವನ್ನು ಹಿಂದಿನಿಂದ ಓದಿ, ಆಮೇಲೆ ಮೊದಲ ಅರ್ಧವನ್ನು ಹಿಂದಿನಿಂದ ಓದಿ. ಅರ್ಧವನ್ನು ಹಿಂದಿನಿಂದ ಓದುವುದು ಹೇಗೆ? ಹೀಗೆಯೇ, ಅದನ್ನು ಮತ್ತೆ ಅರ್ಧ ಮಾಡಿ.

ಓದು(ಆರಂಭ, ಎಷ್ಟು):
– ಎಷ್ಟು 0 ಆಗಿದ್ದರೆ ಮರಳು
– ಎಷ್ಟು 1 ಆಗಿದ್ದರೆ ಆರಂಭದ ಮೌಲ್ಯಕ್ಕೆ ಕೆಲಸ ಮಾಡಿ ಮರಳು
– ಅರ್ಧ = ಎಷ್ಟು / 2
– ನಡು = ಆರಂಭದಿಂದ ಅರ್ಧದಷ್ಟು ಹೆಜ್ಜೆ ಮುಂದಿನ ನೋಡ್
– ಓದು(ನಡು, ಎಷ್ಟು − ಅರ್ಧ)
– ಓದು(ಆರಂಭ, ಅರ್ಧ)

ಇದೂ ರಿಕರ್ಷನ್ನೇ, ಆದರೆ ಆಳ ಎಷ್ಟು? ಪ್ರತಿ ಮೆಟ್ಟಿಲಿನಲ್ಲೂ ಅರ್ಧವಾಗುವುದರಿಂದ ಒಂದು ಲಕ್ಷಕ್ಕೆ 17. ನಿಮ್ಮ ಮೊದಲ ರಿಕರ್ಷನ್‌ನ ಆಳ ಒಂದು ಲಕ್ಷವಿತ್ತು. ನಡಿಗೆಯ ಖರ್ಚು ಒಂದೊಂದು ಮೆಟ್ಟಿಲಿಗೂ ಸುಮಾರು 50,000 ಹೆಜ್ಜೆ, ಒಟ್ಟು ಎಂಟೂವರೆ ಲಕ್ಷದ ಆಸುಪಾಸು. 500 ಕೋಟಿಯ ಪಕ್ಕದಲ್ಲಿ ಇದನ್ನಿಟ್ಟು ನೋಡಿ.

ಹಳೆಯಕೋಡು

ಸುಂದರವಾಗಿದೆ, ಮನಸಾರೆ ಹೇಳುತ್ತೇನೆ. ಇದರ ಜೊತೆಗೆ ಇನ್ನೊಂದು: 317 ನೋಡ್‌ಗೆ ಒಂದರಂತೆ ಗುರುತು ಇಟ್ಟುಕೊಳ್ಳುತ್ತಾ ಹೋಗಿ. ಲಕ್ಷಕ್ಕೆ ಹೆಚ್ಚೆಂದರೆ 317 ಗುರುತು. ಆಮೇಲೆ ಕೊನೆಯ ಗುರುತಿನಿಂದ ಹೊರಟು ಆ ತುಂಡನ್ನು ಮಾತ್ರ ಚಿಕ್ಕ ಸ್ಟ್ಯಾಕ್‌ಗೆ ಹಾಕಿ ಓದಿ, ಅದರ ಹಿಂದಿನ ಗುರುತಿಗೆ ಹೋಗಿ. ಒಂದೊಂದು ನೋಡ್ ಅನ್ನೂ ಎರಡೇ ಸಲ ದಾಟುತ್ತೀರಿ, ನೆನಪಿಡಬೇಕಾದದ್ದು 634 ರೆಫರೆನ್ಸ್.

ಸೊನ್ನೆಯಿಂದೆಣಿಕೆ

ಇಷ್ಟೆಲ್ಲ ಸಾಹಸಕ್ಕಿಂತ ಪ್ರೀವ್ ಒಂದು ಸೇರಿಸಿದರೆ ಆಗುವ ನಷ್ಟವೇನು? ನಾನು ಮೊದಲು ಹೇಳಿದ್ದನ್ನೇ ಮತ್ತೆ ಹೇಳುತ್ತೇನೆ. ಎರಡೂ ದಿಕ್ಕು ಬೇಕು ಎಂದಾದ ಮೇಲೆ ಎರಡೂ ದಿಕ್ಕಿನ ಕೊಂಡಿ ಇರಬೇಕು. ಅದು ಬೆಟ್ಟ ಅಗೆದು ಇಲಿ ಹಿಡಿಯುವ ಕೆಲಸವಲ್ಲ.

ಅರೆವಿರಾಮ

ಮೆಮೊರಿ. ಪ್ರತಿ ನೋಡ್‌ಗೂ ಇನ್ನೊಂದು ರೆಫರೆನ್ಸ್.

ಬೈಟ್‌ಲೆಕ್ಕ

ಈ ವಿಷಯದಲ್ಲಿ ಲೆಕ್ಕ ಹಾಕಿಯೇ ಮಾತಾಡೋಣ. ಜಾವಾ ಪ್ರೋಗ್ರಾಂ ಓಡಿಸುವ ಸಾಮಾನ್ಯವಾದ 64 ಬಿಟ್ ಹಾಟ್‌ಸ್ಪಾಟ್, ಹೀಪ್ 32 ಜಿಬಿಗಿಂತ ಕಡಿಮೆ, ರೆಫರೆನ್ಸ್‌ಗಳು ಕುಗ್ಗಿಸಿದ ರೂಪದಲ್ಲಿ 4 ಬೈಟ್. ಆಬ್ಜೆಕ್ಟ್‌ನ ಹೆಡರ್ 12 ಬೈಟ್. ಮುಂಗೊಂಡಿ ಅವರ ಈಗಿನ ನೋಡ್: 12, ಮೌಲ್ಯಕ್ಕೆ 4, ಮುಂದೆಗೆ 4, ಒಟ್ಟು 20. ಆದರೆ ಆಬ್ಜೆಕ್ಟ್‌ಗಳ ಗಾತ್ರ 8ರ ಗುಣಕವಾಗಿರಬೇಕು, ಆದ್ದರಿಂದ ನಿಜವಾಗಿ ಹಿಡಿಯುವುದು 24. ಕೊನೆಯ 4 ಬೈಟ್ ಸುಮ್ಮನೆ ಖಾಲಿ ಬಿದ್ದಿದೆ. ಪ್ರೀವ್ ಸೇರಿಸಿ: 12, 4, 4, 4. ಒಟ್ಟು 24.

ಅಂದರೆ ಆ ಕೊಂಡಿಗೆ ಒಂದು ಬೈಟ್ ಕೂಡ ಹೆಚ್ಚು ಖರ್ಚಿಲ್ಲ.

ಅರೆವಿರಾಮ

ಇದು ನನಗೆ ಗೊತ್ತಿರಲಿಲ್ಲ. ಜಾವಾದ ಮಟ್ಟಿಗೆ ನನ್ನ ಆಕ್ಷೇಪ ಹಿಂತೆಗೆದುಕೊಂಡೆ.

ಹಳೆಯಕೋಡು

ಮೆಮೊರಿಯ ಬಗ್ಗೆ ಮಾತು ಬಂತಲ್ಲ, ಹಿಂದಿನ ಮತ್ತು ಮುಂದಿನ ವಿಳಾಸಗಳನ್ನು ಎಕ್ಸಾರ್ (ಬಿಟ್‌ಗಳನ್ನು ಹೋಲಿಸುವ ಲೆಕ್ಕ) ಮಾಡಿ ಒಂದೇ ಜಾಗದಲ್ಲಿ ಇಡುವ ಪಟ್ಟಿಯೂ ಇದೆ. ಯಾವ ಕಡೆಯಿಂದ ಬಂದೆವು ಎಂದು ಗೊತ್ತಿದ್ದರೆ ಇನ್ನೊಂದು ಕಡೆಯ ವಿಳಾಸ ಸಿಗುತ್ತದೆ. ಸಿ ಭಾಷೆಯಲ್ಲಿ ಮಾಡಬಹುದು. ಜಾವಾದಲ್ಲಿ ಆಗದು. ರೆಫರೆನ್ಸ್ ಅನ್ನು ಸಂಖ್ಯೆಯಾಗಿ ನೋಡಲು ಭಾಷೆ ಬಿಡುವುದಿಲ್ಲ, ಗಾರ್ಬೇಜ್ ಕಲೆಕ್ಟರ್‌ಗೂ ಆ ನೋಡ್‌ಗಳು ಕಾಣುವುದಿಲ್ಲ.

ಕರ್ನಲ್‌ಓದುಗ

ಪ್ರೀವ್‌ನ ನಿಜವಾದ ಬೆಲೆ ಮೆಮೊರಿಯಲ್ಲ, ಜವಾಬ್ದಾರಿ. ಎರಡು ನೋಡ್‌ಗಳ ನಡುವೆ ಸೇರಿಸುವಾಗ ನಾಲ್ಕು ಕೊಂಡಿ ಸರಿಹೋಗಬೇಕು. ಹೊಸದರ ಹಿಂದೆ, ಹೊಸದರ ಮುಂದೆ, ಎಡಗಡೆಯವನ ಮುಂದೆ, ಬಲಗಡೆಯವನ ಹಿಂದೆ. ನಾಲ್ಕನೆಯದನ್ನು ಎಲ್ಲರೂ ಮರೆಯುತ್ತಾರೆ, ಏಕೆಂದರೆ ಮುಂದಕ್ಕೆ ಓದಿದಾಗ ಅದು ಇಲ್ಲದಿರುವುದು ಗೊತ್ತೇ ಆಗುವುದಿಲ್ಲ.

ಸೆಂಟಿನೆಲ್ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಮೌಲ್ಯವಿಲ್ಲದ ಒಂದು ಕಾವಲು ನೋಡ್, ಅದರ ಮುಂದೆ ಎಂದರೆ ತಲೆ, ಅದರ ಹಿಂದೆ ಎಂದರೆ ಬಾಲ. ಖಾಲಿ ಪಟ್ಟಿಯಲ್ಲಿ ಎರಡೂ ತನ್ನನ್ನೇ ತೋರಿಸುತ್ತವೆ. ಎಲ್ಲಿಯೂ ನಲ್ ಪರೀಕ್ಷೆ ಬೇಡ. ಜಾವಾದ ಲಿಂಕ್ಡ್‌ಲಿಸ್ಟ್ ಕೂಡ ಆರನೆಯ ಆವೃತ್ತಿಯವರೆಗೆ ಹೀಗೆಯೇ ಇತ್ತು, ಏಳರಿಂದ ಫಸ್ಟ್, ಲಾಸ್ಟ್ ಎಂದು ಬೇರೆ ಮಾಡಿದರು.

ತಂತು

ಜಾವಾ ಅಲ್ಲದ ಕಡೆ ಇನ್ನೊಂದು ಎಚ್ಚರ. ರೆಫರೆನ್ಸ್ ಎಣಿಸಿ ಮೆಮೊರಿ ಬಿಡುವ ಸ್ವಿಫ್ಟ್‌ನಂಥ ಭಾಷೆಗಳಲ್ಲಿ ಎರಡೂ ಕೊಂಡಿ ಬಲವಾಗಿದ್ದರೆ ನೋಡ್‌ಗಳು ಪರಸ್ಪರ ಹಿಡಿದುಕೊಂಡು ಎಂದೂ ಬಿಡುಗಡೆಯಾಗುವುದಿಲ್ಲ. ಹಿಂದಿನ ಕೊಂಡಿ ವೀಕ್ ಆಗಿರಬೇಕು, ಅಂದರೆ ಆ ಎಣಿಕೆಗೆ ಸೇರಬಾರದು.

ಮುಂಗೊಂಡಿ

ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಡಬಲಿ ಲಿಂಕ್ಡ್ ಮಾಡಿದೆ, ಬಾಲ ಇಟ್ಟೆ, ‘ತಲೆಯನ್ನು ಕೊಡು’ ಅಳಿಸಿದೆ, ನೋಡ್ ಮತ್ತೆ ಪ್ರೈವೇಟ್. ಹೊರಗೆ ಹಿಮ್ಮುಖ ಇಟರೇಟರ್ ಮಾತ್ರ ಕಾಣುತ್ತದೆ. ಸೆಂಟಿನೆಲ್ ಇನ್ನೂ ಪೂರ್ತಿ ಅರ್ಥವಾಗಿಲ್ಲ, ಹಾಗಾಗಿ ಈಗ ಬಿಟ್ಟಿದ್ದೇನೆ. ತಂತು ಅವರ ಅರ್ಧ ಮಾಡುವ ವಿಧಾನವನ್ನೂ ಬೇರೆಯಾಗಿ ಬರೆದೆ, ಲಕ್ಷಕ್ಕೆ ತಡವರಿಸದೆ ಓಡಿತು.

ಒಂದು ವಿಚಿತ್ರ. ಮುಂದಕ್ಕೆ ಓದಿದರೆ 10, 20, 25, 30. ಹಿಂದಿನಿಂದ ಓದಿದರೆ 30, 20, 10. 25 ಹಿಂದಿನಿಂದ ಮಾಯವಾಗುತ್ತದೆ.

ಕರ್ನಲ್‌ಓದುಗ

25 ಅನ್ನು ನಡುವೆ ಸೇರಿಸಿದ್ದೀರಿ. 30ರ ಹಿಂದಿನ ಕೊಂಡಿ ಇನ್ನೂ 20ನ್ನೇ ತೋರಿಸುತ್ತಿದೆ. ನಾಲ್ಕನೆಯದು.

ಮುಂಗೊಂಡಿ

ಅದೇ ಆಗಿತ್ತು! ಮೂರೇ ಸಾಲು ಬರೆದಿದ್ದೆ.

ಪಾಠದಮೇಜು

ಒಂದು ಪರೀಕ್ಷೆ ಬರೆದಿಟ್ಟುಕೊಳ್ಳಿ. ಪ್ರತಿ ಬದಲಾವಣೆಯಾದ ಮೇಲೆ ಮುಂದಕ್ಕೆ ಓದಿ ಒಂದು ಅರೇಗೆ, ಹಿಂದಿನಿಂದ ಓದಿ ಇನ್ನೊಂದು ಅರೇಗೆ ತುಂಬಿ. ಒಂದು ಇನ್ನೊಂದರ ಕನ್ನಡಿಯಾಗಿರಬೇಕು. ಮೊದಲಿಗೆ, ನಡುವೆ, ಕೊನೆಗೆ ಸೇರಿಸಿ ನೋಡಿ, ಹಾಗೆಯೇ ಮೂರೂ ಕಡೆ ಅಳಿಸಿ ನೋಡಿ. ಒಂದೇ ನೋಡ್ ಇರುವ ಪಟ್ಟಿಯಿಂದ ಆ ನೋಡ್ ಅನ್ನೂ ಅಳಿಸಿ ನೋಡಿ.

ಮುಂಗೊಂಡಿ

ಕೊನೆಯದು ಸಿಕ್ಕಿಬಿತ್ತು. ತಲೆ ನಲ್ ಆಗಿತ್ತು, ಬಾಲ ಅಳಿಸಿದ ನೋಡ್ ಅನ್ನೇ ಹಿಡಿದುಕೊಂಡಿತ್ತು. ಖಾಲಿ ಪಟ್ಟಿಯನ್ನು ಹಿಂದಿನಿಂದ ಓದಿದರೆ 10 ಬರುತ್ತಿತ್ತು. ಸರಿಪಡಿಸಿದೆ, ಈಗ ಎಲ್ಲ ಪರೀಕ್ಷೆಗಳೂ ಪಾಸಾಗುತ್ತಿವೆ.

ಕರ್ನಲ್‌ಓದುಗ

ಸೆಂಟಿನೆಲ್ ಇದ್ದಿದ್ದರೆ ಆ ತಪ್ಪಿಗೆ ಜಾಗವೇ ಇರುತ್ತಿರಲಿಲ್ಲ.

ಮುಂಗೊಂಡಿ

ಇಂದು ಸಂಜೆ ಅದನ್ನೇ ಬರೆಯಲು ಕುಳಿತುಕೊಳ್ಳುತ್ತೇನೆ.